ಬಿಸಿಲಪೆಟ್ಟಿಗೆ

ಬೆಟಗೇರಿಯಲ್ಲಿ ಬಿಸಿಲಿಗೆ ಬರ ಬಂದಿದೆ ಎಂದರೆ ನಾಯಿ ಕೂಡ ನಕ್ಕೀತು. ವರ್ಷದ ಹತ್ತು ತಿಂಗಳು ಕಲ್ಲು ಕಾಯುವ ಊರು ಅದು. ಅಂಥ ಊರಿನಲ್ಲಿ ನೂಲು ಒಣಗಿಸಲು ಕರೆಂಟಿನ ಮಷೀನು ತಂದ ಪುಣ್ಯಾತ್ಮನೆಂದರೆ ಬಣ್ಣಗಾರ ರಹಮಾನಸಾಬ ಒಬ್ಬನೇ. ತಂದವನು ಅವನಾದರೂ ಅದರ ಫಲ ಉಂಡವಳು ಅವನ ಹೆಂಡತಿ ರಸೂಲಬಿ.

ಆ ಮನೆಯಲ್ಲಿ ನೂಲಿಗೆ ಬಣ್ಣ ಹಾಕುವ ಕೆಲಸ ಮೂರು ತಲೆಮಾರಿನದು. ಈಶಪ್ಪ ಸಾವಕಾರ ಬಿಳಿ ನೂಲಿನ ಲಡಿಗಳನ್ನು ಕಳಿಸುತ್ತಿದ್ದ. ರಹಮಾನಸಾಬ ಅವನ್ನು ಕುದಿಯುವ ಹಂಡೆಯಲ್ಲಿ ಅದ್ದಿ ಕೆಂಪೋ ಹಸಿರೋ ಮಾಡುತ್ತಿದ್ದ. ಅಲ್ಲಿಂದ ಮುಂದಿನದೆಲ್ಲ ರಸೂಲಬಿಯದು. ಮನೆಯ ಹಿಂದಿನ ಬಯಲಿನಲ್ಲಿ ಬಿದಿರಿನ ಗಳಗಳಿಗೆ ಲಡಿ ಏರಿಸಬೇಕು. ಬಣ್ಣದ ನೀರು ಕೆಳಗೆ ಇಳಿದು ಕೂಡದ ಹಾಗೆ ಆಗಾಗ ಒಂದೊಂದು ಹಿಡಿ ಸರಿಸುತ್ತಿರಬೇಕು. ಕೊನೆಗೆ ಲಡಿಯ ಕಟ್ಟು ಇರುವ ಜಾಗವನ್ನು ಗಲ್ಲಕ್ಕೆ ಒತ್ತಿ ನೋಡಬೇಕು. ನೂಲು ಉಳಿದೆಲ್ಲ ಕಡೆ ಒಣಗಿದರೂ ಆ ಕಟ್ಟಿನ ಬುಡದಲ್ಲಿ ಹಸಿ ಅಡಗಿರುತ್ತದೆ. ಕೈಗೆ ತಿಳಿಯದ್ದು ಗಲ್ಲಕ್ಕೆ ತಿಳಿಯುತ್ತದೆಂದು ಅವಳ ಅತ್ತೆ ಕಲಿಸಿಕೊಟ್ಟಿದ್ದಳು. ಗಲ್ಲ ಒಪ್ಪಿತೆಂದರೆ ರಸೂಲಬಿ "ಆತು" ಅನ್ನುತ್ತಿದ್ದಳು.

ಆ ಒಂದು ಮಾತಿಗಾಗಿ ಪ್ರತಿ ಸೋಮವಾರ ಅರ್ಧ ಓಣಿ ಕಾಯುತ್ತಿತ್ತು. ಸಾವಕಾರನ ಗುಮಾಸ್ತ ಯಂಕಪ್ಪ ತಕ್ಕಡಿ ತಂದು ಕಟ್ಟೆಯ ಮೇಲೆ ಕೂರುತ್ತಿದ್ದ. ರಸೂಲಬಿ ಆತು ಅನ್ನದೆ ತಕ್ಕಡಿ ಏಳುತ್ತಿರಲಿಲ್ಲ. ಅವಳು ಆತು ಅಂದ ಮೇಲೆ ಅವನು ನೂಲು ತೂಗಿ, ತೂಕವನ್ನು ನೇಕಾರರ ಹೆಸರಿಗೆ ಬರೆದು ಕೊಡುತ್ತಿದ್ದ. ಅವರು ಸೀರೆ ನೇಯ್ದು ಅದೇ ತೂಕಕ್ಕೆ ಸಾವಕಾರನಿಗೆ ಒಪ್ಪಿಸಬೇಕು. ಹಸಿ ನೂಲನ್ನು ತೂಗಿದರೆ ನೀರೂ ನೂಲೆಂದೇ ಬರೆಯಲ್ಪಡುತ್ತದೆ. ನೀರು ಆರಿಹೋಗುತ್ತದೆ, ಬರೆದದ್ದು ಆರುವುದಿಲ್ಲ. ಸೀರೆಯ ತೂಕ ಕಡಿಮೆ ಬಂದಾಗ ನೇಕಾರ ನೂಲು ಕದ್ದನೆಂದಾಗುತ್ತದೆ. ಇಪ್ಪತ್ತು ವರ್ಷಗಳಲ್ಲಿ ರಸೂಲಬಿಯ ಬಾಯಿಂದ ಹಾಗೆ ಒಬ್ಬರೂ ಕಳ್ಳರಾಗಿರಲಿಲ್ಲ. ಓದುಬರಹ ಬಾರದ ಆ ಹೆಂಗಸಿಗೆ ಇದ್ದ ಗೌರವವೆಲ್ಲ ಇದೇ, ಅವಳು ಅದನ್ನು ಯಾರ ಮುಂದೆಯೂ ಆಡಿಕೊಂಡವಳಲ್ಲ.

ಎಂಬತ್ತೊಂದರ ಮಳೆಗಾಲದಲ್ಲಿ ಮೋಡ ಇಪ್ಪತ್ತು ದಿನ ಅಲುಗಲಿಲ್ಲ. ಗಳದ ಮೇಲಿನ ನೂಲು ಮುಗ್ಗಲು ಹಿಡಿಯಿತು, ಸಾವಕಾರ ಬಯ್ದ. ರಹಮಾನಸಾಬ ಹುಬ್ಬಳ್ಳಿಗೆ ಹೋದವನು ಮೂರನೆಯ ದಿನ ಲಾರಿಯಲ್ಲಿ ಬಂದ. ಯಾವುದೋ ಮುಚ್ಚಿಹೋದ ಲಾಂಡ್ರಿಯ ಬಟ್ಟೆ ಒಣಗಿಸುವ ಹಳೆಯ ಮಷೀನು ಅವನ ಜೊತೆಗಿತ್ತು. ಕಬ್ಬಿಣದ ಪೆಟ್ಟಿಗೆ, ಅದರೊಳಗೆ ತೂತುತೂತಿನ ದುಂಡು ಪೀಪಾಯಿ. ಗುಂಡಿ ಒತ್ತಿದರೆ ಪೀಪಾಯಿ ತಿರುಗುತ್ತದೆ, ಕಾದ ತಂತಿಯ ಮೇಲಿಂದ ಬಿಸಿಗಾಳಿ ನುಗ್ಗುತ್ತದೆ. ಲಡಿಗಳು ಸಿಕ್ಕಾಗದಂತೆ ಅವನ್ನು ತೆಳು ಬಟ್ಟೆಯ ಚೀಲಗಳಲ್ಲಿ ಕಟ್ಟಿ ಒಳಗೆ ಹಾಕಬೇಕು. ಎರಡು ತಾಸಿಗೆ ಒಂದು ಸರತಿ ಒಣಗುತ್ತಿತ್ತು. ಓಣಿಯ ಹೆಂಗಸರು ಬಂದು ನೋಡಿ, ಗಾಜಿನ ಬಾಗಿಲಿಗೆ ಮೂಗು ಹಚ್ಚಿ, ಅದಕ್ಕೆ ಬಿಸಿಲಪೆಟ್ಟಿಗಿ ಎಂದು ಹೆಸರಿಟ್ಟು ಹೋದರು.

ನಿಜ ಹೇಳಬೇಕೆಂದರೆ ಮೊದಲ ವರ್ಷ ರಸೂಲಬಿಗೂ ಅದು ಹಿಡಿಸಿತ್ತು. ಬೆನ್ನು ಸುಡುವುದು ತಪ್ಪಿತು, ಮೋಡ ಕಂಡರೆ ಎದೆ ಹಾರುವುದು ನಿಂತಿತು. ಅವಳು ಹೆದರಿದ್ದು ಗಂಡ ಹಿಂದಿನ ಬಯಲನ್ನು ತನ್ನ ತಮ್ಮ ಅಲ್ಲಾಉದ್ದೀನನಿಗೆ ಬಿಟ್ಟುಕೊಟ್ಟಾಗ. ಅವನು ಅಲ್ಲಿ ಮೆಣಸಿನಕಾಯಿ ಗೋದಾಮು ಕಟ್ಟುವವನಿದ್ದ. ಬಯಲು ಹೋದರೆ ಬೇರೆ ಜಾಗವಿರಲಿಲ್ಲ. ಮನೆಯ ಮಾಡು ಇಳಿಜಾರಿನ ಹಂಚಿನದು, ಮುಂದೆ ಗಟಾರ. ಅವಳು ಬೇಡವೆಂದಳು.

"ಬಿಸಲ ಈಗ ಪೆಟ್ಟಿಗ್ಯಾಗ ಐತಿ. ಬಯಲ ಇಟಗೊಂಡ ಏನ ಮಾಡಾಕಿ ನೀ?" ಎಂದು ರಹಮಾನಸಾಬ ನಕ್ಕ. ಗೋದಾಮು ಎದ್ದಿತು. ಬಿದಿರಿನ ಗಳಗಳು ಅದರ ಮಾಡಿಗೇ ಹೋದವು.

ಆಮೇಲೆ ಕರೆಂಟಿನ ದರ ಏರಿತು. ಒಮ್ಮೆ ಏರಿದಾಗ ರಹಮಾನಸಾಬ ಸರಕಾರವನ್ನು ಬಯ್ದ. ಎರಡನೆಯ ಸಲ ಲೈನ್‌ಮನ್‌ನನ್ನು ಬಯ್ದ. ಮೂರನೆಯ ಸಲಕ್ಕೆ ಬಯ್ಯಲು ಹೆಂಡತಿಯೇ ಸಿಕ್ಕಳು. ಮನೆಗೂ ಮಷೀನಿಗೂ ಒಂದೇ ಮೀಟರು. ಪಡಸಾಲೆಯ ಬಲ್ಬು ತೆಗೆದ, ಬಚ್ಚಲಿನದು ತೆಗೆದ, ರೇಡಿಯೋದ ವೈರು ಕಿತ್ತ. ಅಡುಗೆಮನೆಯಲ್ಲಿ ಚಿಮಣಿ ದೀಪ ಹಚ್ಚಿಕೊಂಡು ರೊಟ್ಟಿ ಬಡಿಯಬೇಕಾಯಿತು. ಇಷ್ಟೆಲ್ಲ ಮಾಡಿದರೂ ಬಿಲ್ಲು ಇಳಿಯಲಿಲ್ಲ, ಯಾಕೆಂದರೆ ಕರೆಂಟು ತಿನ್ನುತ್ತಿದ್ದದ್ದು ಬಲ್ಬುಗಳಲ್ಲ. ಮನೆಯವರೆಲ್ಲ ಕತ್ತಲೆಯಲ್ಲಿ ಕೂತು ಆ ಪೆಟ್ಟಿಗೆಯ ಹೊಟ್ಟೆ ತುಂಬಿಸುತ್ತಿದ್ದರು. ಅದನ್ನು ಬಿಡುವಂತೆಯೂ ಇರಲಿಲ್ಲ. ಬಿಸಿಲು ಗೋದಾಮಿನ ತಗಡಿನ ಮೇಲೆ ಧಗಧಗ ಉರಿಯುತ್ತಿತ್ತು, ಅವರಿಗೆ ಅದು ಪರರ ಸೊತ್ತಾಗಿತ್ತು.

ಕಡೆಗೆ ರಹಮಾನಸಾಬ ಮೀಟರಿನ ಕೆಳಗೆ ಸ್ಟೂಲು ಹಾಕಿಕೊಂಡು ಕೂರತೊಡಗಿದ. ಒಳಗೆ ತಿರುಗುವ ಚಕ್ರವನ್ನು ನೋಡುತ್ತ, ಆ ದಿನದ ಮಟ್ಟಿಗೆ ಸಾಕೆನಿಸಿದಾಗ ಗುಂಡಿ ಆರಿಸಿಬಿಡುತ್ತಿದ್ದ. ಹೀಗಾಗಿ ಮೊದಲಿನ ಸರತಿಗಳು ಒಣಗುತ್ತಿದ್ದವು. ಕೊನೆಯ ಸರತಿ ಅರ್ಧಕ್ಕೇ ಹೊರಗೆ ಬರುತ್ತಿತ್ತು.

ಕೊನೆಯ ಸರತಿ ಯಾವಾಗಲೂ ಉಡಚವ್ವನದು. ಉಡಚವ್ವ ಗಂಡ ಸತ್ತ ಮೇಲೆ ತಾನೇ ನೆಲದಲ್ಲಿ ತೋಡಿದ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಕೂತವಳು. ನೇಯ್ಗೆಯಲ್ಲಿ ಗಂಡಸರಿಗೂ ಹಿಂದೆ ಬಿದ್ದವಳಲ್ಲ. ರಸೂಲಬಿಗೆ ಅವಳು ಓಣಿಯಲ್ಲೆಲ್ಲ ಹತ್ತಿರದವಳು. ಬೇರೆಯವರನ್ನೆಲ್ಲ ಮುಂದೆ ಬಿಟ್ಟು ಸೋಮವಾರ ಕಡೆಗೆ ಬರುತ್ತಿದ್ದಳು, ನೂಲಿನ ನೆಪದಲ್ಲಿ ಒಂದು ಚಹಾ, ಒಂದಿಷ್ಟು ಮಾತು ಆಗಲೆಂದು. ಆ ಗೆಳೆತನಕ್ಕೇ ಅವಳು ದಂಡ ತೆರಬೇಕಾಗಿ ಬಂತು.

ಎಂಬತ್ತೈದರ ಶ್ರಾವಣದ ಒಂದು ಸೋಮವಾರ. ಈಶಪ್ಪ ಸಾವಕಾರನಿಗೆ ಲಕ್ಷ್ಮೇಶ್ವರದ ಅಂಗಡಿಯೊಂದರಿಂದ ಹಸಿರು ಸೀರೆಗಳಿಗೆ ದೊಡ್ಡ ಬೇಡಿಕೆ ಬಂದಿತ್ತು. ಅದರಲ್ಲಿ ಹೆಚ್ಚಿನ ಪಾಲನ್ನು ಉಡಚವ್ವನಿಗೆ ಕೊಟ್ಟಿದ್ದ. ರಸೂಲಬಿ ಪೆಟ್ಟಿಗೆಯಿಂದ ಚೀಲ ತೆಗೆದು ಲಡಿಯನ್ನು ಗಲ್ಲಕ್ಕೆ ಒತ್ತಿದಳು. ನೂಲು ಬಿಸಿಯಾಗಿತ್ತು. ಬಿಸಿ ನೂಲು ಹಸಿಯನ್ನು ಮುಚ್ಚಿಡುತ್ತದೆ, ಹೊಸಬರಾದರೆ ಮೋಸಹೋದಾರು. ರಸೂಲಬಿ ಹೊಸಬಳಲ್ಲ. ಕಟ್ಟಿನ ಬುಡದಲ್ಲಿ ಅವಳ ಗಲ್ಲಕ್ಕೆ ನೀರು ಸಿಕ್ಕಿತು. ಇನ್ನೊಂದು ತಾಸು ಬೇಕೆಂದು ಒಳಗೆ ಹೋಗಿ ಗಂಡನಿಗೆ ಹೇಳಿದಳು.

ಅವನು ಮೀಟರಿನಿಂದ ಕಣ್ಣು ತೆಗೆಯಲಿಲ್ಲ. "ಆ ತಾಸಿನ ಬಿಲ್ಲ ನಿಮ್ಮಪ್ಪ ಕೊಡ್ತಾನೇನು? ಉಡಚವ್ವ ನಮ್ಮಕಿ, ಏನೂ ಅನ್ನಂಗಿಲ್ಲ. ಆತು ಅಂದ ಕಳಸು."

ಹೊರಗೆ ಯಂಕಪ್ಪ ತಕ್ಕಡಿ ಕಟ್ಟಿಕೊಂಡು ಹೊರಡುವ ಅವಸರದಲ್ಲಿದ್ದ. ಉಡಚವ್ವ ಕಟ್ಟೆಯ ಮೇಲೆ ಕೂತು ಚಹಾ ಊದಿಕೊಂಡು ಕುಡಿಯುತ್ತಿದ್ದಳು. ರಸೂಲಬಿ ಅವಳ ಮುಖ ನೋಡದೆ ಲಡಿಗಳನ್ನು ತಂದಿಟ್ಟು ಆತು ಅಂದಳು. ಯಂಕಪ್ಪ ತೂಗಿ ಬರೆದುಕೊಂಡ. ಹೇಗೂ ಬಣ್ಣ ಹತ್ತಿದ ನೂಲು ಒಂದಿಷ್ಟು ಭಾರವಿರುತ್ತದೆ, ಅವನಿಗೆ ಅನುಮಾನ ಬರಲಿಲ್ಲ. ಆ ರಾತ್ರಿ ರಸೂಲಬಿ, ಒಂದು ಸಲ ತಾನೇ, ಎಷ್ಟು ವ್ಯತ್ಯಾಸ ಬಂದೀತು ಎಂದು ತನಗೆ ತಾನೇ ಹೇಳಿಕೊಂಡಳು. ಮುಂದಿನ ಸೋಮವಾರ ಗಂಡ ಬರೀ ಕಣ್ಣಲ್ಲಿ ಸನ್ನೆ ಮಾಡಿದ. ಅದರ ಮುಂದಿನ ಸೋಮವಾರ ಸನ್ನೆಯೂ ಬೇಕಾಗಲಿಲ್ಲ.

ದಸರೆಯ ಹೊತ್ತಿಗೆ ಉಡಚವ್ವ ಸೀರೆಗಳನ್ನು ಒಪ್ಪಿಸಿದಳು. ಮುಕ್ಕಾಲು ಕಿಲೊ ಕಡಿಮೆ ಬಂತು. ಈಶಪ್ಪ ಸಾವಕಾರ ಅಂಗಡಿಯ ತುಂಬ ಜನ ಕೂತಿರುವಾಗ ಅವಳನ್ನು ನಿಲ್ಲಿಸಿ, ಮುಕ್ಕಾಲು ಕಿಲೊ ನೂಲು ಎಲ್ಲಿ ಮಾರಿದೆ ಎಂದು ಕೇಳಿದ. ಅವಳು ಒಂದೆಳೆ ಮಾರಿಲ್ಲವೆಂದಳು. ಮಗ್ಗದ ಕುಣಿ ತೋಡಿ ನೋಡಿರೆಂದಳು. ಅಲ್ಲಿಂದ ಮುಂದೆ ಅವಳಿಗೆ ನೂಲು ನಿಂತಿತು. ಒಬ್ಬ ಸಾವಕಾರ ಕಳ್ಳಿ ಎಂದವಳಿಗೆ ಬೇರೆ ಸಾವಕಾರರೂ ಕೊಡುವುದಿಲ್ಲ, ಬೆಟಗೇರಿಯ ರೀತಿಯೇ ಹಾಗೆ. ಇದನ್ನೆಲ್ಲ ಯಂಕಪ್ಪ ಮುಂದಿನ ಸೋಮವಾರ ರಸೂಲಬಿಯ ಕಟ್ಟೆಯ ಮೇಲೆ ಕೂತು, ಎಲೆ ಅಡಿಕೆ ಮೆಲ್ಲುತ್ತ, ನಗುನಗುತ್ತ ಹೇಳಿದ. ಅಂದು ಚಹಾಕ್ಕೆ ಉಡಚವ್ವ ಬಂದಿರಲಿಲ್ಲ.

ಸಾವಕಾರನ ಮುಂದೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳೋಣವೆಂದು ರಸೂಲಬಿ ಗಂಡನ ಕಾಲು ಹಿಡಿದಳು. ರಹಮಾನಸಾಬ ಕೆಂಡವಾದ. ಒಮ್ಮೆ ಒಪ್ಪಿಕೊಂಡರೆ ನಾಳೆ ಇಡೀ ಓಣಿ ಬಾಗಿಲಿಗೆ ಬರುತ್ತದೆ, ಸಾವಕಾರ ನೂಲನ್ನು ಬೇರೆ ಬಣ್ಣಗಾರನಿಗೆ ಕಳಿಸುತ್ತಾನೆ, ಆಮೇಲೆ ಮಷೀನನ್ನು ತಲೆಯ ಮೇಲೆ ಹೊತ್ತು ತಿರುಗಬೇಕಾಗುತ್ತದೆ ಎಂದ. ರಸೂಲಬಿ ಬಾಯಿ ಮುಚ್ಚಿಕೊಂಡಳು. ಒಂದು ದಿನವಲ್ಲ, ಎಂಟು ದಿನ. ಆ ಎಂಟು ದಿನಗಳಿಗೆ ಅವಳು ಗಂಡನನ್ನು ದೂರುವಂತಿಲ್ಲ, ಅವು ಅವಳವೇ. ಒಂಬತ್ತನೆಯ ದಿನ ಸೆರಗು ತಲೆಗೆಳೆದುಕೊಂಡು, ಯಾರಿಗೂ ಹೇಳದೆ ಈಶಪ್ಪನ ಅಂಗಡಿಗೆ ಹೋದಳು.

ಸಾವಕಾರ ಅವಳನ್ನು ಗೌರವದಿಂದಲೇ ಒಳಗೆ ಕರೆದ. ಅವಳು ಕೂರಲಿಲ್ಲ.

"ಸಾವಕಾರ್ರ, ಉಡಚವ್ವ ಕದ್ದಿಲ್ರಿ. ಆ ನೂಲ ಹಸಿ ಇತ್ರಿ. ಹಸಿ ಐತಿ ಅಂತ ಗೊತ್ತಿದ್ದ ನಾ ಆತು ಅಂದೀನ್ರಿ, ಮೂರ ವಾರ."

 ಈಶಪ್ಪನ ಮುಖದಲ್ಲಿ ಕಂಡದ್ದು ಸಿಟ್ಟಲ್ಲ, ಮೆಚ್ಚುಗೆ. "ಇಪ್ಪತ್ತ ವರ್ಷ ನಿನ್ನ ಮಾತಿನ ಮ್ಯಾಲ ನಮ್ಮ ತಕ್ಕಡಿ ಎದ್ದೈತಿ, ರಸೂಲಬಿ. ಒಂದ ದಿನ ತಪ್ಪಿಲ್ಲ. ಗೆಳತಿ ಮಾನ ಉಳಸಾಕ ನಿನ್ನ ಮಾನ ತಂದ ನನ್ನ ಮುಂದ ಇಟ್ಟಿ. ದೊಡ್ಡ ಮನಸ ನಿಂದು. ಆದ್ರ ಸುಳ್ಳ ಹೇಳೂದ ನಿನಗ ಬರಂಗಿಲ್ಲ ಬಿಡು."

ಅವಳು ಆಣೆ ಮಾಡಹೋದಳು. ದೇವರನ್ನು ನಡುವೆ ತರಬೇಡ ಎಂದು ಅವನು ಎರಡೂ ಕೈ ಮುಗಿದ. ಅವಳನ್ನು ನಂಬದಿರಲು ಅವನಿಗೆ ಏನೂ ಖರ್ಚಿರಲಿಲ್ಲ. ನಂಬಿದರೆ ಹೊಸ ಬಣ್ಣಗಾರನನ್ನು ಹುಡುಕಬೇಕಿತ್ತು, ಉಡಚವ್ವನ ಮುಂದೆ ತಲೆ ತಗ್ಗಿಸಬೇಕಿತ್ತು. ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ, ಮನುಷ್ಯತ್ವ ಎಂದರೆ ಇದು, ಆ ಕಳ್ಳಿಗೆ ಇಂಥ ಗೆಳತಿ ಸಿಕ್ಕಿದ್ದಾಳೆ ನೋಡಿ ಎಂದ. ರಸೂಲಬಿ ಆತು ಅಂದಿದ್ದಾಳೆಂದರೆ ನೂಲು ಒಣಗಿರಲೇಬೇಕು, ನೂಲು ಒಣಗಿತ್ತೆಂದರೆ ಉಡಚವ್ವ ಕದ್ದಿರಲೇಬೇಕು. ಲೆಕ್ಕ ಅಷ್ಟು ಚೊಕ್ಕವಾಗಿತ್ತು. ತಾನು ಕೂಡಿಟ್ಟ ಇಪ್ಪತ್ತು ವರ್ಷದ ಹೆಸರೇ ಉಡಚವ್ವನ ಕುತ್ತಿಗೆಗೆ ಹಗ್ಗವಾಯಿತೆಂದು ರಸೂಲಬಿಗೆ ಮೆಟ್ಟಿಲಿಳಿಯುವಾಗ ಅರ್ಥವಾಯಿತು. ಅವಳು ಬೀದಿಯಲ್ಲೇ ಅತ್ತಳು.

ಅಲ್ಲಿಂದ ನೆಟ್ಟಗೆ ಉಡಚವ್ವನ ಮನೆಗೆ ಹೋದಳು. ಬಾಗಿಲು ತೆರೆದಿತ್ತು. ಮಗ್ಗದಿಂದ ಹಗ್ಗಗಳನ್ನು ಬಿಚ್ಚಿಯಾಗಿತ್ತು. ಪಾತ್ರೆಗಳು ಚೀಲದಲ್ಲಿದ್ದವು. ಮುಂಡರಗಿಯಲ್ಲಿ ಅಕ್ಕ ಕರೆವ್ವ ಇದ್ದಾಳೆ, ಅಲ್ಲಿ ಶೇಂಗಾ ಸುಲಿಯುವ ಕೆಲಸ ಸಿಗುತ್ತದಂತೆ, ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ ಎಂದು ಉಡಚವ್ವ ಕೇಳುವ ಮೊದಲೇ ಹೇಳಿದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ರಸೂಲಬಿಗೆ ತಡೆಯದಾಯಿತು. ನಿಂತ ನಿಲುವಿನಲ್ಲೇ ಎಲ್ಲವನ್ನೂ ಹೇಳಿದಳು. ಮೀಟರು, ಗಂಡನ ಸನ್ನೆ, ಮೂರು ಸೋಮವಾರ, ಕೊನೆಗೆ ಸಾವಕಾರ ನಂಬದೆ ಹೋದದ್ದು. ತನ್ನನ್ನು ಬಯ್ಯಲಿ, ಎರಡು ಬಾರಿಸಲಿ ಎಂದು ಕಾದಳು.

ಉಡಚವ್ವ ಚೀಲದ ಬಾಯಿ ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

"ನನಗ ಅವತ್ತ ಗೊತ್ತಾಗಿತ್ತ, ಯಕ್ಕಾ. ಮನಿಗೆ ಬಂದ ಗಂಟ ಬಿಚ್ಚಿದಾಗ ಕೈಗೆ ತಂಪ ಹತ್ತಿತ್ತ. ನೀ ಆತು ಅಂದಿದ್ದಿ. ನನ್ನ ಕೈನ ಸುಳ್ಳ ಹೇಳಾಕತ್ತೈತಿ ಅಂತ ತಿಳಕೊಂಡೆ."

 ಉಡಚವ್ವ ಇನ್ನೂ ಏನಾದರೂ ಅಂದಾಳೆಂದು ರಸೂಲಬಿ ನಿಂತಳು. ಉಡಚವ್ವ ಗೋಡೆಗೆ ಒರಗಿಸಿದ್ದ ಹಲಗೆಯ ಒಂದು ತುದಿ ಹಿಡಿದು, ಇನ್ನೊಂದು ತುದಿ ಹಿಡಿ ಎಂದಳು. ಇಬ್ಬರೂ ಸೇರಿ ಮಗ್ಗದ ಕುಣಿಯನ್ನು ಮುಚ್ಚಿದರು.