ಅಪ್ಪನ ಕೈ ಬಿಗಿ

ಮಕ್ಕಳಿಗೆ ವಿಷಯ ತಿಳಿಸುವ ಕೆಲಸವನ್ನು ನನ್ನ ಗಂಡನಿಗೆ ಬಿಟ್ಟದ್ದೇ ಮೊದಲ ತಪ್ಪು. ನಾನೇ ಹೇಳಿದ್ದರೆ ಎರಡೇ ಮಾತಿನಲ್ಲಿ ಮುಗಿಯುತ್ತಿತ್ತು: ಈ ಕ್ರಿಸ್ಮಸ್‌ಗೆ ಅಂಗಡಿಯಿಂದ ಏನೂ ಬರುವುದಿಲ್ಲ, ಅತ್ತರೆ ಬೆನ್ನಿಗೆ ಎರಡು ಬೀಳುತ್ತವೆ. ಆದರೆ ಇವರು ಕೇಳಬೇಕಲ್ಲ. "ನೀನು ಹೇಳಿದ್ರೆ ಸಾಮಾನು ಜಪ್ತಿ ಮಾಡೋಕೆ ಬಂದ ಹಾಗಿರುತ್ತೆ. ನಾನು ನಯವಾಗಿ ಹೇಳ್ತೀನಿ ಬಿಡು" ಎಂದರು.

ಇವರದು ಗೋಡೆಗಳಿಗೆ ಬಣ್ಣ ಬಳಿಯುವ ಕೆಲಸ. ಚಳಿಗಾಲದಲ್ಲಿ ಗೋಡೆ ಒಣಗುವುದಿಲ್ಲ. ಗೋಡೆ ಒಣಗದಿದ್ದರೆ ನಮ್ಮ ಅಡುಗೆಮನೆ ಒಣಗುತ್ತದೆ. ನಾನು ಮನೆಯಲ್ಲೇ ಕೂತು ಊರವರ ಪ್ಯಾಂಟುಗಳ ಕಾಲು ಕತ್ತರಿಸಿ, ಮಡಚಿ, ಹೊಲಿದು ಕೊಡುತ್ತೇನೆ. ದೇವರು ಮನುಷ್ಯರನ್ನು ಕುಳ್ಳಗೆ, ಪ್ಯಾಂಟುಗಳನ್ನು ಉದ್ದಕ್ಕೆ ಮಾಡಿರುವುದರಿಂದ ಹೇಗೋ ಅನ್ನ ಹುಟ್ಟುತ್ತದೆ.

ಡಿಸೆಂಬರಿನ ಮೊದಲ ಭಾನುವಾರ ಇಬ್ಬರನ್ನೂ ಕೂರಿಸಿಕೊಂಡರು. ಒಂಬತ್ತು ವರ್ಷದವನನ್ನು ನಾವು ವಕೀಲ ಅಂತ ಕರೆಯುವುದು; ಕಾರಣ ಕೇಳದೆ ಕಾಲು ಕೂಡ ತೊಳೆಯುವವನಲ್ಲ. ಐದು ವರ್ಷದವಳು ಗುಂಡಿ. ವರ್ಷದ ಕೂಸಾಗಿದ್ದಾಗ ಯಾರದೋ ಕೋಟಿನ ಗುಂಡಿ ನುಂಗಿದ್ದಳು. ಎರಡು ದಿನ ಕಾದು ಗುಂಡಿಯನ್ನು ಹಿಂದಕ್ಕೆ ಪಡೆದೆವು, ಹೆಸರು ಮಾತ್ರ ಅವಳಿಗೇ ಉಳಿಯಿತು.

"ನೋಡ್ರೋ, ಈ ಸಲ ಅಪ್ಪನ ಕೈ ಸ್ವಲ್ಪ ಬಿಗಿ" ಎಂದರು ಇವರು. "ಅದಕ್ಕೇ ಮರ ತರಲ್ಲ. ಉಳಿದಿರೋ ಬಣ್ಣದಲ್ಲಿ ಗೋಡೆ ಮೇಲೇ ದೊಡ್ಡ ಮರ ಬರೀತೀನಿ. ಅಮ್ಮ ಕತ್ತರಿಸಿದ ಬಟ್ಟೆ ತುಂಡುಗಳಲ್ಲಿ ಗೊಂಬೆ ಮಾಡ್ತಾಳೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಅಲ್ವಾ?"

"ನನಗೆ ಹಾಸಿಗೇನೇ ಇಲ್ಲ. ಇವಳ ಜೊತೆ ಮಲಗ್ತೀನಿ, ರಾತ್ರಿಯೆಲ್ಲ ಒದೀತಾಳೆ" ಎಂದ ವಕೀಲ.

ಗುಂಡಿ ಅಪ್ಪನ ಕೈಗಳನ್ನೇ ನೋಡುತ್ತ ಕೂತಿದ್ದಳು. "ಮನೆ ಮಾತು ಮೆಟ್ಟಿಲು ಇಳಿಯಬಾರದು, ಹುಷಾರ್!" ಎಂದು ನಾನು ಕಣ್ಣು ಬಿಟ್ಟೆ. ನಮ್ಮ ಕಟ್ಟಡಕ್ಕೆ ಮೂರು ಮಹಡಿ, ಒಂದೇ ಮೆಟ್ಟಿಲು. ಮೇಲೆ ಸೀನಿದರೆ ಕೆಳಗೆ ಹರಸುತ್ತಾರೆ. ಇಲ್ಲದ್ದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುವ ಜಾತಿಯವಳಲ್ಲ ನಾನು.

ಮರುದಿನದಿಂದ ಗುಂಡಿ ಅಪ್ಪನನ್ನು ಬಿಟ್ಟು ಅಲ್ಲಾಡಲಿಲ್ಲ. ಲೋಟ ಎತ್ತಲು ಹೋದರೆ ಓಡಿಬಂದು ತಾನೇ ಎರಡೂ ಕೈಯಲ್ಲಿ ಹಿಡಿದು ಕುಡಿಸುವಳು. ಅಂಗಿಯ ಗುಂಡಿ ತಾನೇ ಹಾಕುವಳು, ಒಂದು ಕಾಜ ತಪ್ಪಿಸಿ. ಅನ್ನ ಕಲಸಿ ಬಾಯಿಗಿಡುವಳು. ಏನೋ ಆಟ ಅಂದುಕೊಂಡೆ. ಇವರಂತೂ ಬಾಯಿ ತೆರೆದು ಮಹಾರಾಜರ ಹಾಗೆ ಕೂತಿರುತ್ತಿದ್ದರು. ಕೆಲಸವಿಲ್ಲದ ಗಂಡಸಿಗೆ ಇಷ್ಟು ಸೇವೆ ನಾನಂತೂ ಮಾಡುತ್ತಿರಲಿಲ್ಲ.

ವಾರ ಕಳೆಯಿತು. ಕೆಳಮನೆಯ ಇಸ್ತ್ರಿ ಅಜ್ಜಿ ಸೊಂಟ ಹಿಡಿದುಕೊಂಡು ಮೂರು ಮಹಡಿ ಹತ್ತಿ ಬಂದಳು.

"ಹೇಗಿದೆಯಮ್ಮ ನಿಮ್ಮ ಯಜಮಾನರ ಕೈ? ತುಂಬಾ ಬಿಗಿ ಅಂತಲ್ಲ, ಪಾಪ."

ನನ್ನ ಮೈಯೆಲ್ಲ ಉರಿದುಹೋಯಿತು. "ಯಾರ ಮನೇಲಿ ಇರಲ್ಲ ಅಜ್ಜಿ? ಬರುತ್ತೆ, ಹೋಗುತ್ತೆ."

"ಹಾಗಂತ ಬಿಡಬಾರದು. ನಮ್ಮೋರಿಗೂ ಹೀಗೇ ಶುರುವಾಗಿ ಕತ್ತಿನವರೆಗೂ ಬಂದಿತ್ತು."

"ಕತ್ತಿನವರೆಗೆ ಬಂದ್ರೂ ನಾವೇ ನೋಡ್ಕೋತೀವಿ. ಯಾರ ಮುಂದೆನೂ ಕೈ ಚಾಚಲ್ಲ."

"ಚಾಚೋಕೂ ಆಗಲ್ವಾ!" ಅಜ್ಜಿ ಕೆನ್ನೆಗೆ ಕೈಯಿಟ್ಟಳು. "ಅಯ್ಯೋ ದೇವರೇ, ಅಷ್ಟೊಂದು ಬಿಗಿನಾ? ತಗೋ, ದಿನಾ ಉಜ್ಜು. ಸಡಿಲ ಆಗುತ್ತೆ." ಎಣ್ಣೆಯ ಬಾಟಲಿಯೊಂದನ್ನು ನನ್ನ ಹೊಲಿಗೆ ಯಂತ್ರದ ಮೇಲಿಟ್ಟು ಹೊರಟೇಹೋದಳು.

ನಮಗೆ ಎಣ್ಣೆ ಕೊಳ್ಳುವ ಗತಿಯೂ ಇಲ್ಲ ಅಂದುಕೊಂಡಳೇ ಈ ಮುದುಕಿ? ಇವರು ಒಳಗೆ ಬಂದದ್ದೇ ತಡ ಹಿಡಿದುಕೊಂಡೆ. "ಅಜ್ಜಿ ಹತ್ರ ಬಾಯಿ ಬಿಟ್ರಾ?"

"ನಿನ್ನಾಣೆ ಇಲ್ಲ ಮಾರಾಯ್ತಿ! ಗೊತ್ತಾದ್ರೆ ಗೊತ್ತಾಗಲಿ ಬಿಡು. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಬೇಕು ನಿನಗೆ."

"ನನ್ನ ಜುಟ್ಟಿನ ಸುದ್ದಿಗೆ ಬಂದ್ರೆ ನೋಡಿ!"

ಎರಡು ದಿನ ಮಾತು ಬಿಟ್ಟೆ. ಅವರಿಗೆ ಅದೇನೂ ಬಾಧಿಸಿದಂತೆ ಕಾಣಲಿಲ್ಲ, ಅದು ಇನ್ನೊಂದು ಉರಿ.

ಮೂರನೆಯ ದಿನ ಹೊಲಿದ ಪ್ಯಾಂಟುಗಳನ್ನು ಕೊಡಲು ಹೊರಟಿದ್ದೆ. ಬಣ್ಣದಂಗಡಿಯ ಮುಂದೆ ಮೇಸ್ತ್ರಿ ಸಿಕ್ಕಿದ. ಇವರಿಗೆ ಕೆಲಸ ಕೊಡಿಸುವವನು ಅವನೇ.

"ಅಕ್ಕಾ, ಇವರ ಕೈ ಹೇಗಿದೆ? ಒಳ್ಳೇ ಕೆಲಸ ತಪ್ಪಿಹೋಯ್ತು ಪಾಪ."

"ಯಾವ ಕೆಲಸ?"

"ಕೇಕ್ ಅಂಗಡಿದು. ಹಬ್ಬದೊಳಗೆ ಒಳಗಡೆಯೆಲ್ಲ ಬಣ್ಣ ಆಗಬೇಕು. ಮೊನ್ನೆ ನಿಮ್ಮನೆಗೇ ಬರ್ತಿದ್ದೆ. ನಿಮ್ಮ ಚಿಕ್ಕವಳು ಮೆಟ್ಟಿಲ ಮೇಲೆ ಕೈ ಅಡ್ಡ ಹಿಡಿದು ನಿಂತಳು. 'ಅಪ್ಪನ ಕೈ ಬಿಗಿ ಆಗಿದೆ. ಲೋಟ ಎತ್ತೋಕಾಗಲ್ಲ. ಅನ್ನ ನಾನೇ ತಿನ್ಸೋದು. ಕೆಲಸ ಕೊಡಬೇಡಿ' ಅಂದಳು. ನಾಳೆ ಇನ್ನೊಬ್ಬನಿಗೆ ಮಾತು ಕೊಡೋಣ ಅಂತ."

ನಾನು ಬೀದಿಯಲ್ಲೇ ಕಲ್ಲಾದೆ. ಲೋಟ, ಅಂಗಿಯ ಗುಂಡಿ, ಅನ್ನ, ಅಜ್ಜಿಯ ಎಣ್ಣೆ, ಎಲ್ಲವೂ ಒಟ್ಟಿಗೆ ತಲೆಯೊಳಗೆ ಹೊಕ್ಕಿತು. ಆ ಕೆಲಸ ಸಿಕ್ಕರೆ ಹಬ್ಬದ ಬೆಳಿಗ್ಗೆ ಮಕ್ಕಳ ಕೈಗೆ ಏನಾದರೂ ಕೊಡಬಹುದು. ಇಲ್ಲದಿದ್ದರೆ ಗೋಡೆಯ ಮೇಲಿನ ಮರವನ್ನು ನೋಡಿ ಚಪ್ಪಾಳೆ ತಟ್ಟಬೇಕು, ಅಷ್ಟೇ. ನಿಜ ಹೇಳಿಬಿಡೋಣ ಅಂದರೆ ಬಾಯಿ ಬರುತ್ತಿಲ್ಲ. 'ಕೈ ಬಿಗಿ ಅಂದದ್ದು ದುಡ್ಡಿಲ್ಲ ಅಂತ' ಎಂದು ನಡುಬೀದಿಯಲ್ಲಿ ಹೇಗೆ ಹೇಳಲಿ?

"ಮಗು ಏನೋ ಒದರಿದೆ ಅಣ್ಣ. ಕೈ ಕಬ್ಬಿಣದ ಹಾಗಿದೆ. ಈಗಲೇ ಬನ್ನಿ, ಕಣ್ಣಾರೆ ನೋಡಿ."

"ಏಣಿ ಮೇಲಿಂದ ಬಿದ್ರೆ ನನ್ನ ತಲೆಗೆ ಬರುತ್ತಕ್ಕ" ಎಂದು ಗೊಣಗುತ್ತಲೇ ಬಂದ. ಕೆಳಗೆ ನಮ್ಮನ್ನು ಕಂಡ ಇಸ್ತ್ರಿ ಅಜ್ಜಿಯೂ ಬಿಸಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಹಿಂದೆಯೇ ಹತ್ತಿದಳು.

ಬಾಗಿಲು ತಳ್ಳಿದರೆ ಏನು ಹೇಳಲಿ! ಇವರು ಕುರ್ಚಿಯಲ್ಲಿ ಕೂತಿದ್ದಾರೆ. ಬೆರಳಿನಿಂದ ಮೊಣಕೈವರೆಗೆ ಎರಡೂ ಕೈಗೆ ನನ್ನ ಹೊಸ ಅಸ್ತರಿನ ಬಟ್ಟೆ ಸುತ್ತಿದೆ, ಎಣ್ಣೆ ತೊಟ್ಟಿಕ್ಕುತ್ತಿದೆ. ಗುಂಡಿ ಬಿಸ್ಕತ್ತು ಮುರಿದು ಬಾಯಿಗಿಡುತ್ತಿದ್ದಾಳೆ. ವಕೀಲ ಪಕ್ಕದಲ್ಲಿ ನಿಂತು ನಗು ತಡೆಯಲಾರದೆ ಕೆಂಪಗಾಗಿದ್ದಾನೆ.

ಮೇಸ್ತ್ರಿ ಲೊಚಗುಟ್ಟಿದ. "ಇಷ್ಟಾಗಿದೆ, ಏನೂ ಇಲ್ಲ ಅಂತೀರಲ್ಲಕ್ಕ."

"ಬ್ರಷ್ ಹಿಡಿದು ತೋರಿಸ್ರೀ ಅವರಿಗೆ!" ಎಂದು ಕೂಗಿದೆ. ಇವರು ಬಟ್ಟೆ ಕಿತ್ತೆಸೆದು ಗಡಿಬಿಡಿಯಲ್ಲಿ ಬ್ರಷ್ ಹಿಡಿದರು. ಎಣ್ಣೆಗೈ, ಜಾರಿತು. ಮತ್ತೆ ಹಿಡಿದರು. ಈ ಸಲ ಹಾರಿ ಅಜ್ಜಿಯ ಕಾಲ ಬಳಿ ಬಿತ್ತು.

"ಎತ್ತಬೇಡ ಅಪ್ಪಾ!" ಗುಂಡಿ ಚೀರಿದಳು.

"ಬಲಗೈ ಪೂರ್ತಿ ಹೋಗಿದೆ" ಎಂದಳು ಅಜ್ಜಿ. ಮೇಸ್ತ್ರಿ ಚಪ್ಪಲಿಗೆ ಕಾಲು ತೂರಿಸುತ್ತಿದ್ದ.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಗುಂಡಿಯ ಭುಜ ಹಿಡಿದು ತಿರುಗಿಸಿಕೊಂಡೆ. "ಕೈ ಬಿಗಿ ಅಂದ್ರೆ ಕೈಗೆ ಕಾಯಿಲೆ ಅಲ್ಲ ಕಣೇ ಮಂಕೇ! ನಮ್ಮ ಹತ್ರ ದುಡ್ಡಿಲ್ಲ ಅಂತ! ದುಡ್ಡಿಲ್ಲ! ಕೇಳಿಸ್ತಾ?"

ಕೇಳಿಸಿತು, ಎಲ್ಲರಿಗೂ. ಅಜ್ಜಿ ಸೂರು ನೋಡಿದಳು. ಇವರು ನೆಲ ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮೇಸ್ತ್ರಿ ಚಪ್ಪಲಿಯಿಂದ ಕಾಲು ಹೊರಗೆ ತೆಗೆದ. "ಅಷ್ಟೇನಾ? ಹೇಳೋದಲ್ವಾ ಅಕ್ಕ, ಒಳ್ಳೇ ಕಥೆ ಆಯ್ತಿದು. ನಾಳೆ ಏಳು ಗಂಟೆಗೆ ಬರಬೇಕು ಮತ್ತೆ. ಕೈ ತೊಳ್ಕೊಂಡು."

ಗುಂಡಿಗೆ ಅದೊಂದೂ ಬೇಕಿರಲಿಲ್ಲ. ಅಪ್ಪನ ಹತ್ತಿರ ಹೋಗಿ ಅಂಗೈಯನ್ನು ಬೆರಳಿನಿಂದ ಒತ್ತಿ ನೋಡಿದಳು.

"ನೋವಿಲ್ವಾ?"

"ಇಲ್ಲ ಪುಟ್ಟಾ."

"ಒಂಚೂರೂ ಇಲ್ವಾ?"

"ಒಂಚೂರೂ ಇಲ್ಲ."

"ಸುಮ್ನೆ ದುಡ್ಡಿಲ್ಲ ಅಷ್ಟೇನಾ?"

"ಅಷ್ಟೇ" ಎಂದರು ಇವರು.

ಹತ್ತು ದಿನದಿಂದ ಆ ಮಗು ಎಷ್ಟು ಹೆದರಿಕೊಂಡಿತ್ತು ಅನ್ನುವುದು ಅವಳು ಉಸಿರು ಬಿಟ್ಟಾಗಲೇ ನನಗೆ ಗೊತ್ತಾದದ್ದು. ನಾನು ಮರ್ಯಾದೆಯ ಚಿಂತೆಯಲ್ಲಿದ್ದೆ, ಅವಳು ಅಪ್ಪನ ಚಿಂತೆಯಲ್ಲಿದ್ದಳು. ನನಗೆ ನಾಚಿಕೆಯಾಯಿತು. ಅವಳನ್ನು ಎತ್ತಿಕೊಳ್ಳಬೇಕೆಂದು ಬಾಗುವಷ್ಟರಲ್ಲಿ ಬಾಗಿಲು ದಾಟಿ ಓಡಿಬಿಟ್ಟಿದ್ದಳು. ಮೆಟ್ಟಿಲ ಕಂಬಿಗಳ ನಡುವೆ ಮುಖ ತೂರಿಸಿ, ಮೂರೂ ಮಹಡಿಗೆ ಕೇಳುವ ಹಾಗೆ, ಇದ್ದಬದ್ದ ಸಂತೋಷವನ್ನೆಲ್ಲ ಹಾಕಿ ಕೂಗಿದಳು:

"ನಮ್ಮಪ್ಪಂಗೇನೂ ಆಗಿಲ್ಲಾ! ನಮ್ಮ ಹತ್ರ ದುಡ್ಡಿಲ್ಲ ಅಷ್ಟೇ!"

ಎರಡನೇ ಮಹಡಿಯ ಬಸ್ ಡ್ರೈವರನ ಬಾಗಿಲು ಕಿರ್ರೆಂದಿತು.

"ನಮ್ಮನೇಲೂ ಇಲ್ಲ ಪುಟ್ಟೀ!"

"ನಮ್ಮನೇಲೂ!" ಎಂದಿತು ಅದರ ಕೆಳಗಿನಿಂದ ಒಬ್ಬ ಹೆಂಗಸಿನ ದನಿ, ನಗುತ್ತ.