ಕತ್ತಾಳೆ ಕೊರೆದ ಹುಳು

ಗೋಪಾಲಪ್ಪನ ಕೋಪ ಮೂಗಿನ ತುದಿಯಲ್ಲಿ ನಿಲ್ಲುವಂಥದಲ್ಲ, ನೇರ ಕೈಗಿಳಿಯುವಂಥದು. ಯುದ್ಧದ ಕಾಲ, ಕತ್ತಾಳೆ ನಾರಿಗೆ ಎಲ್ಲಿಲ್ಲದ ಗಿರಾಕಿ. ಅಂಥ ಹೊತ್ತಲ್ಲೇ ಅರಿಶಿನಕುಂಟೆಯ ಅವನ ಕತ್ತಾಳೆ ಬೇಲಿ ಬುಡ ಕೊಳೆತು, ಹುಳಿ ನಾತ ಹೊಡೆಯುತ್ತ ಮಗುಚಿಕೊಳ್ಳತೊಡಗಿತು. ಪಕ್ಕದ ಹೊಲ ಹೆಂಡತಿಯ ತಮ್ಮ ಮುನಿಸ್ವಾಮಿಯದು. ಗಡಿ ಒತ್ತಲು ಅವನೇ ವಿಷ ಹುಯ್ದಿದ್ದಾನೆಂದು ಗೋಪಾಲಪ್ಪ ತೀರ್ಮಾನಿಸಿಬಿಟ್ಟ.

ಬೆಳಗ್ಗೆ ಕೂಗು ಕೇಳಿ ರುಕ್ಮಿಣಮ್ಮ ಓಡಿಬಂದಾಗ ಅವಳ ತಮ್ಮನನ್ನು ಹೊಂಗೆಮರಕ್ಕೆ ಬಿಗಿದಾಗಿತ್ತು. ಗಂಡ ಹಸಿ ಕತ್ತಾಳೆ ಜಜ್ಜಿ ಅವನ ಬರಿಮೈಗೆ ಉಜ್ಜುತ್ತಿದ್ದ. ಆ ರಸ ತಾಗಿದರೆ ಚರ್ಮ ಉರಿದುಹೋಗುತ್ತದೆ. ಮುನಿಸ್ವಾಮಿಯ ಎದೆಯೆಲ್ಲ ಕೆಂಪಗೆ ಬಾತಿತ್ತು, ಒಡೆದ ತುಟಿಯಿಂದ ರಕ್ತ ಇಳಿಯುತ್ತಿತ್ತು.

"ಒಪ್ಕೊಳ್ಳೋ ಲೇ! ಇಲ್ಲಾಂದ್ರೆ ಕೈ ಕಡಿದ್ಬಿಡ್ತೀನಿ!" ಗೋಪಾಲಪ್ಪ ಮಚ್ಚು ಎತ್ತಿಕೊಂಡ.

"ನನಗೇನೂ ಗೊತ್ತಿಲ್ಲ ಭಾವ!"

ಅಡ್ಡ ಬಂದ ರುಕ್ಮಿಣಮ್ಮನಿಗೆ ಒದೆ ಬಿತ್ತು. ಬಿದ್ದದ್ದು ಕೊಳೆತ ಗಿಡದ ಮೇಲೆ. ಅಂಗೈಗೆ ಹತ್ತಿದ ಕೊಳೆಯಲ್ಲಿ ಕರಿ ಹುಳುವೊಂದು ಹರಿದಾಡುತ್ತಿತ್ತು. ಅವಳು ಎಂದೂ ಕಾಣದ ಹುಳು.

"ಇಲ್ನೋಡಿ, ಹುಳ ತಿಂದೈತೆ!"

"ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಆ ಆಡೇ ಮುಟ್ಟದ ಕತ್ತಾಳೇನ ಹುಳ ತಿಂತದೇನೆ? ಕೊಳೆತ್ಮೇಲೆ ಬಂದಿರೋದದು!"

ಊರೆಲ್ಲ ನಂಬಿದ್ದೂ ಅದನ್ನೇ. ಆದರೆ ಹುಳುವಿನ ಮೂತಿ ಉದ್ದವಾಗಿ ಕೆಳಗೆ ಬಾಗಿತ್ತು. ಥೇಟ್ ಜೋಳದ ಹುಳುವಿನ ಮೂತಿ, ಗಾತ್ರ ಮಾತ್ರ ದೊಡ್ಡದು. ಮೊರದಲ್ಲಿ ಎಷ್ಟು ಕೇರಿದ್ದಳು ಅಂಥವನ್ನು! ಜೋಳ ಹೊರಗೆ ಗಟ್ಟಿಯಾಗೇ ಕಾಣುತ್ತದೆ, ಒಳಗೆ ಮರಿ ಕೂತು ತಿನ್ನುತ್ತಿರುತ್ತದೆ. ಇದೂ ಅದೇ ಜಾತಿ ಎಂದು ಅವಳಿಗೆ ಖಾತ್ರಿಯಾಯಿತು.

"ಹಸುರಾಗಿ ನಿಂತಿರೋ ಗಿಡ ಕಡೀರಿ. ಒಳಗೆ ಹುಳ ಇಲ್ದಿದ್ರೆ ಅವನ ಜೊತೆ ನನ್ನೂ ಕಡೀರಿ!"

ಗೋಪಾಲಪ್ಪ ಒಂದು ಗಿಡ ಸೀಳಿದ. ತಿರುಳು ಹಾಲಿನಂತೆ ಬೆಳ್ಳಗಿತ್ತು. ಅವನು ನಕ್ಕು, ಮಚ್ಚಿನ ಹಿಂಬದಿಯಿಂದ ಮುನಿಸ್ವಾಮಿಯ ಎಡಗೈಗೆ ಬೀಸಿದ. ಮೂಳೆ ಲಟಕ್ಕೆಂದಿತು.

"ಇನ್ನೊಂದು!" ಎಂದು ಕಿರುಚಿದ ರುಕ್ಮಿಣಮ್ಮ ಮುಂದಿನ ಗಿಡವನ್ನೇ ತಬ್ಬಿಕೊಂಡಳು. ಮುಳ್ಳು ತೋಳಿಗೆ ಇಳಿದರೂ ಬಿಡಲಿಲ್ಲ. ಅವಳನ್ನು ಎಳೆದುಹಾಕಿ ಗೋಪಾಲಪ್ಪ ಕಡಿದ. ಒಂದಿಷ್ಟೂ ಕೊಳೆಯದ ತಿರುಳಿನಲ್ಲಿ ದಪ್ಪ ಬಿಳಿ ಮರಿಗಳು ಹೊರಳಾಡುತ್ತಿದ್ದವು. ಪಕ್ಕದಲ್ಲೇ ಅದೇ ಬಾಗಿದ ಮೂತಿಯ ಕರಿ ಹುಳು.

ಅವನ ಕೈಯಿಂದ ಮಚ್ಚು ಜಾರಿತು. "ಹುಳಾನೇ ಕಣೇ," ಎಂದವನೇ ಮಂಡಿಯೂರಿ, ಬಗ್ಗಿ ನೋಡತೊಡಗಿದ.

ಬದುಕಿತು ಬಡಜೀವ ಎಂದು ರುಕ್ಮಿಣಮ್ಮ ಅಳುತ್ತಲೇ ಹಗ್ಗ ಬಿಚ್ಚಿದಳು. ಮುನಿಸ್ವಾಮಿ ತೂರಾಡುತ್ತ ಹೋಗಿ ಬಲಗೈಯಲ್ಲಿ ಮಚ್ಚು ತೆಗೆದುಕೊಂಡ. ದೂರ ಎಸೆಯುತ್ತಾನೆ ಎಂದುಕೊಂಡಳು. ಅವನು ಬಗ್ಗಿದ್ದ ಭಾವನ ಕುತ್ತಿಗೆಗೆ ಹೊಡೆದ, ಮತ್ತೊಮ್ಮೆ ಹೊಡೆದ.

ಗಂಡನ ಕುತ್ತಿಗೆಯನ್ನು ಅವಳು ಎರಡೂ ಅಂಗೈಯಿಂದ ಒತ್ತಿ ಹಿಡಿದರೂ ರಕ್ತ ನಿಲ್ಲಲಿಲ್ಲ. ಮುನಿಸ್ವಾಮಿ ಅಲ್ಲೇ ಕುಸಿದು ಕೂತು ಬಿಕ್ಕಿದ.

"ನನ್ನ ಯಾಕಕ್ಕಾ ಬಿಚ್ದೆ?"