ಹುಳಿ ಕನಾರ್

ಹಾಜಿ ಅಬ್ಬಾಸ್ ಮರದ ಕಾಂಡದ ಮೇಲೆ, ಸೊಂಟದ ಎತ್ತರದಲ್ಲಿ, ಸೀಮೆಸುಣ್ಣದಿಂದ ಒಂದು ಗೆರೆ ಎಳೆದರು.

"ಇಲ್ಲಿಗೆ ಕಡಿ, ಸದೀಕ್. ಒಂದು ತಿಂಗಳಲ್ಲಿ ಹೊಸ ಚಿಗುರು ಬರುತ್ತದೆ. ಅದಕ್ಕೆ ನನ್ನ ಮನೆಯ ಮರದ ಕಣ್ಣು ಕೂರಿಸಿ ಕಸಿ ಕಟ್ಟುತ್ತೇನೆ. ಆಮೇಲೆ ಜೇನಿನಂಥ ಹಣ್ಣು ತಿನ್ನು."

ಎಡ್ಮಂಡನನ್ನು ಅವರು ಕರೆಯುತ್ತಿದ್ದುದೇ ಹಾಗೆ, ಸದೀಕ್, ಅಂದರೆ ಗೆಳೆಯ. ಅವರ ಹಿಂದಿ ಎಡ್ಮಂಡನ ಹಿಂದಿಗಿಂತ ಚೆನ್ನಾಗಿತ್ತು. ಎಡ್ಮಂಡ್ ತಲೆಯಾಡಿಸಿ ಗರಗಸ ಕೈಗೆತ್ತಿಕೊಂಡ. ಊರು ಬಿಟ್ಟು ಕೊಲ್ಲಿಗೆ ಬಂದು, ಟುಬ್ಲಿಯ ಗ್ಯಾರೇಜೊಂದರಲ್ಲಿ ಬಿಡಿಭಾಗಗಳ ಸ್ಟೋರ್ ನೋಡಿಕೊಳ್ಳುವ ಅವನಿಗೆ ಶುಕ್ರವಾರ ಮಾತ್ರ ರಜೆ.

ಈಸಾ ಟೌನಿನ ಈ ಬಾಡಿಗೆ ಮನೆಗೆ ಬಂದ ವರ್ಷ, ಮಾರ್ಕೆಟಿನಿಂದ ತಂದು ತಿಂದ ಕನಾರ್ ಹಣ್ಣಿನ ಬೀಜವನ್ನು ಅವನೇ ಅಂಗಳದ ಮೂಲೆಯಲ್ಲಿ ಊರಿದ್ದ. ಕನಾರ್ ಎಂದರೆ ನಮ್ಮ ಬೋರೆಹಣ್ಣೇ. ಮರ ಬೇಗ ಬೆಳೆಯಿತು, ನಾಲ್ಕನೆಯ ವರ್ಷಕ್ಕೆ ಕಾಯಿಯೂ ಬಿಟ್ಟಿತು. ಆದರೆ ಗೋಲಿಯಷ್ಟೇ ಗಾತ್ರ, ಹಲ್ಲು ಚುಳುಗುಟ್ಟುವಷ್ಟು ಹುಳಿ. ಪಕ್ಕದ ಮನೆಯ ಹಾಜಿ ಪ್ರತಿ ವರ್ಷವೂ ಒಂದು ಹಣ್ಣು ಕಚ್ಚಿ, ಗೋಡೆಯಾಚೆ ಉಗಿದು, "ಇದಕ್ಕೆ ನಾನೇ ಏನಾದರೂ ಮಾಡಬೇಕು" ಅನ್ನುತ್ತಿದ್ದರು.

ಹಾಗೆ ಅನ್ನಲು ಅವರಿಗೆ ಕಾರಣವಿತ್ತು. ಸಕ್ಕರೆ ಕಾಯಿಲೆಯಿಂದ ಅವರ ಕಾಲಿಗೆ ಹುಣ್ಣಾಗಿ, ಎರಡು ಬೆರಳು ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ಆಗ ಎಡ್ಮಂಡನ ಹೆಂಡತಿ ಫೆಲ್ಸಿ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಸಿ ಬಂದವಳು ಯೂನಿಫಾರ್ಮ್ ಕೂಡ ಬದಲಿಸದೆ ಅವರ ಮನೆಗೆ ಹೋಗಿ, ಐದು ತಿಂಗಳು ಡ್ರೆಸ್ಸಿಂಗ್ ಮಾಡಿದ್ದಳು. ಬೆರಳುಗಳು ಉಳಿದವು. "ಸಿಸ್ಟರಿಗೆ ಕೊಡಲು ನನ್ನ ಹತ್ತಿರ ಬೇರೆ ಏನಿದೆ? ಒಂದು ಒಳ್ಳೆಯ ಮರ ಕೊಡಬಹುದು" ಎಂದು ಇವತ್ತು ಗರಗಸ ಹಿಡಿದು ಬಂದಿದ್ದರು.

ಫೆಲ್ಸಿ ಈಗ ಕೆಲಸಕ್ಕೆ ಹೋಗುತ್ತಿರಲಿಲ್ಲ. ಕಳೆದ ಆಗಸ್ಟಿನಲ್ಲಿ ಅವಳ ಎದೆಯಲ್ಲಿ ಗಂಟು ಸಿಕ್ಕಿತ್ತು. ಆಪರೇಶನ್ ಆಯಿತು, ಕೀಮೋ ಆಯಿತು. ಕೊನೆಯದು ಮುಗಿದು ಆರು ವಾರ. ರಿಪೋರ್ಟು ಚೆನ್ನಾಗಿದೆ ಎಂದಿದ್ದರು. ಆದರೆ ನಾಲಿಗೆ ಸತ್ತುಹೋಗಿತ್ತು. ಎಡ್ಮಂಡ್ ಅಡುಗೆ ಕಲಿತು ಕಾಣೆ ಮೀನು ಹುರಿದ, ನೀರುದೋಸೆ ಎರೆದ. ಅವಳು "ಚಂದ ಆಗಿದೆ" ಎನ್ನುತ್ತಾ ಅಗಿಯುತ್ತಿದ್ದಳು. ಒಂದು ದಿನ ಉಪ್ಪು ಹಾಕಲು ಮರೆತ ಗಂಜಿಗೂ ಅವಳು ಅದೇ ಮಾತು ಹೇಳಿದಾಗ ಅವನಿಗೆ ಎಲ್ಲ ಅರ್ಥವಾಗಿತ್ತು.

ಎಡ್ಮಂಡ್ ಮೊದಲು ಅಡ್ಡ ಕೊಂಬೆಯೊಂದನ್ನು ಕೊಯ್ದ. ಅದು ಬೀಳುತ್ತಲೇ ಹಣ್ಣುಗಳು ಅಂಗಳದ ತುಂಬ ಉರುಳಿದವು. ಸದ್ದು ಕೇಳಿ ಫೆಲ್ಸಿ ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಹೊರಗೆ ಬಂದಳು. ಮೆಟ್ಟಿಲ ಮೇಲೆ ಕೂತು, ಕಾಲಿನ ಬಳಿ ಬಂದು ನಿಂತ ಹಣ್ಣೊಂದನ್ನು ಎತ್ತಿ, ನೈಟಿಗೆ ಒರೆಸಿ ಬಾಯಿಗೆ ಹಾಕಿಕೊಂಡಳು. ಯೋಚಿಸಿ ಮಾಡಿದ್ದೇನಲ್ಲ.

ಅವಳ ಮುಖ ಕಿವುಚಿಕೊಂಡಿತು. ಕಣ್ಣು ಮುಚ್ಚಿದಳು. ಎಡ್ಮಂಡ್ ಗರಗಸ ಬಿಟ್ಟು ಓಡಿ ಬಂದ.

"ಎಂತ ಆಯ್ತು ಫೆಲ್ಸಿ?"

"ಹುಳಿ."

"ಅದು ಹುಳಿಯೇ ಅಲ್ವಾ. ಉಗಿ ಅದನ್ನು."

"ಅದಲ್ಲ ಮಾರಾಯ್ರೆ." ಅವಳ ಕಣ್ಣಿನಲ್ಲಿ ನೀರು ತುಂಬಿತ್ತು. "ನಂಗೆ ಹುಳಿ ಗೊತ್ತಾಗ್ತಾ ಉಂಟು."

ಅವನು ಅವಳ ಪಕ್ಕದಲ್ಲೇ ಕೂತ. ಅವಳು ಇನ್ನೊಂದು ಹಣ್ಣು ತೆಗೆದುಕೊಂಡಳು, ಮತ್ತೊಂದು. ಹಾಜಿ ಏನೂ ತಿಳಿಯದೆ ಇಬ್ಬರನ್ನೂ ನೋಡಿದರು. ಎಡ್ಮಂಡ್ ಹಿಂದಿಯಲ್ಲಿ ಮಾತು ಹುಡುಕಿದ. ಸಿಕ್ಕಿದ್ದು ಇಷ್ಟೇ: "ಇವಳ ನಾಲಿಗೆ ವಾಪಸ್ ಬಂತು."

"ಅಲ್‌ಹಮ್ದುಲಿಲ್ಲಾ" ಎಂದರು ಹಾಜಿ, ಮೆಲ್ಲಗೆ. ಆಮೇಲೆ ನೆಲದ ಮೇಲಿದ್ದ ಗರಗಸ ನೋಡಿದರು. ಅಷ್ಟು ಪ್ರೀತಿಯಿಂದ ಕೊಡಲು ಬಂದವರಿಗೆ ಬೇಡ ಎನ್ನುವುದು ಹೇಗೆಂದು ಎಡ್ಮಂಡನಿಗೆ ತೋಚಲಿಲ್ಲ.

ಫೆಲ್ಸಿಯೇ ಹೇಳಿದಳು. "ಬಾಬಾ, ಈ ಮರ ಹೀಗೇ ಇರಲಿ. ಬೇಜಾರು ಮಾಡ್ಬೇಡಿ."

ಹಾಜಿ ಕಾಂಡದ ಹತ್ತಿರ ಹೋಗಿ, ತಾವು ಎಳೆದ ಗೆರೆಯನ್ನು ಅಂಗೈಯಿಂದ ಉಜ್ಜಿ ಅಳಿಸಿದರು. ಕೈ ಝಾಡಿಸಿಕೊಂಡು ಮೇಲೆ ನೋಡಿದರು.

"ಗೋಡೆಯ ಕಡೆಯ ಆ ಒಂದು ಕೊಂಬೆ ನನಗೆ ಕೊಡು ಸಿಸ್ಟರ್. ಅದಕ್ಕೆ ಕಸಿ ಕಟ್ಟುತ್ತೇನೆ. ಅದು ನನ್ನದು, ಉಳಿದದ್ದು ನಿನ್ನದು."

ಫೆಲ್ಸಿ ನಕ್ಕಳು. ಬೀಜ ಇನ್ನೂ ಬಾಯಲ್ಲೇ ಇತ್ತು.

ಆ ಸಂಜೆ ಅವಳು ತಾನಾಗಿಯೇ ಅಡುಗೆಮನೆಗೆ ಬಂದು, ಹಣ್ಣುಗಳನ್ನು ಹಸಿಮೆಣಸು ಮತ್ತು ಉಪ್ಪಿನ ಜೊತೆ ಜಜ್ಜಿದಳು. ಎರಡು ಬಾರಿ ಗಂಜಿ ಹಾಕಿಸಿಕೊಂಡಳು. ಉಂಡಾದ ಮೇಲೆ ಎಡ್ಮಂಡ್ ತಟ್ಟೆ ತೊಳೆಯಲು ಸಿಂಕಿನ ಮುಂದೆ ನಿಂತ. ಎಷ್ಟೋ ತಿಂಗಳಿಂದ, ಅವಳು ಬಿಟ್ಟ ಅನ್ನವನ್ನು ಅವಳಿಗೆ ಕಾಣದ ಹಾಗೆ ಬೆನ್ನು ತಿರುಗಿಸಿ ಪ್ಲಾಸ್ಟಿಕ್ ಚೀಲಕ್ಕೆ ಬಳಿಯುವುದು ಅವನಿಗೆ ರೂಢಿಯಾಗಿತ್ತು. ಕೈ ತಾನಾಗಿ ಚೀಲದ ಕಡೆ ಹೋಯಿತು. ತಟ್ಟೆಯ ಅಂಚಿನಲ್ಲಿ ಬೀಜಗಳು ಮಾತ್ರ ಇದ್ದವು, ಚೀಪಿ ಚೀಪಿ ಬೆಳ್ಳಗಾದ ಬೀಜಗಳು.